ಹಿತ್ತಲ ಕೋಣೆಯ ತಾತ

ಗೇಟಿನ ಮುಂದೆ ನಿಂತಾಗ ತಾತ ಹಾಲಿನ ಕ್ಯಾನನ್ನು ಕಾಲ ಬಳಿ ಇಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ದೊಡ್ಡ ಕೈಗಳು. ಬಲಗೈ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಗೇಟಿಗೆ ಚಿಲಕವಿತ್ತೇ ಹೊರತು ಬೀಗ ಇರಲಿಲ್ಲ. ಕೈ ಚಾಚಿದರೆ ತೆಗೆಯಬಹುದು. ಆದರೂ ಒಳಗಿನಿಂದ ಯಾರಾದರೂ ಬಂದು ತೆಗೆಯುವ ತನಕ ಅವರು ಹಾಗೇ ನಿಂತಿರುವರು. ಕರೆಯುವುದೂ ಇಲ್ಲ, ಕೆಮ್ಮುವುದೂ ಇಲ್ಲ.

ಹುಣಸಮಾರನಹಳ್ಳಿಯ ಹಳೆಯ ಊರಿನೊಳಗೆ ನಾವು ಬಾಡಿಗೆಗೆ ಬಂದ ಹೊಸತು. ಮೇಲಿನ ಮಹಡಿಯಲ್ಲಿ ಓನರಮ್ಮ ಒಬ್ಬರೇ. ಕೆಳಗೆ ನಾನು, ನನ್ನ ಗಂಡ, ಯುಕೆಜಿಗೆ ಹೋಗುವ ಮಗಳು. ಹಿತ್ತಲಿನ ಹಲಸಿನ ಮರದಾಚೆ ಶೀಟಿನ ಕೋಣೆಯಲ್ಲಿ ತಾತ. ಅವರು ತಮ್ಮ ಗಂಡನ ಅಣ್ಣ ಎಂದಷ್ಟೇ ಓನರಮ್ಮ ಹೇಳಿದ್ದರು. ಮಂಡಿನೋವಿರಬೇಕು, ಇಲ್ಲವೇ ವಿಪರೀತ ಮರ್ಯಾದಸ್ಥರಿರಬೇಕು ಎಂದುಕೊಂಡು ನಾನೇ ದಿನಾ ಹೋಗಿ ಗೇಟು ತೆಗೆಯುತ್ತಿದ್ದೆ.

ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ, ನಗುವವರು ಈಗಲೇ ನಕ್ಕುಬಿಡಲಿ. ನಾನು ಅಪರಾಧಿಗಳ ಮನಶ್ಶಾಸ್ತ್ರ ಕಲಿಸುವವಳು. ಪೊಲೀಸ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ, ಕೊಲೆ ನಡೆದ ಜಾಗ ನೋಡಿ ಕೊಂದವನು ಎಂಥವನಿರಬಹುದು ಎಂದು ಅಂದಾಜು ಮಾಡುವುದು ಹೇಗೆ ಎಂದು ಪಾಠ ಮಾಡುತ್ತೇನೆ. ಆಗಾಗ ಜೈಲಿಗೆ ಹೋಗಿ ಜೀವಾವಧಿ ಶಿಕ್ಷೆಯಲ್ಲಿರುವವರನ್ನು ಮಾತನಾಡಿಸಿ, ಇವರನ್ನು ಬಿಡುಗಡೆ ಮಾಡಬಹುದೇ ಎಂಬುದಕ್ಕೆ ಅಭಿಪ್ರಾಯ ಬರೆದುಕೊಡುತ್ತೇನೆ. ಬಸ್ಸಿನಲ್ಲಿ ಎದುರಿಗೆ ಕೂತವರನ್ನೂ ಸುಮ್ಮನೆ ಬಿಡದ ರೋಗ ನನ್ನದು ಎಂದು ಗಂಡ ಹಾಸ್ಯ ಮಾಡುವುದುಂಟು.

ಓನರಮ್ಮ ಮತ್ತು ತಾತ ಪರಸ್ಪರ ಮಾತನಾಡುತ್ತಿರಲಿಲ್ಲ. ಓನರಮ್ಮ ಮೆಟ್ಟಿಲಿಳಿದು ಬಂದು, ಮುಚ್ಚಿದ ತಟ್ಟೆಯನ್ನು ಕೋಣೆಯ ಹೊಸ್ತಿಲ ಮೇಲಿಟ್ಟು, ಬಾಗಿಲನ್ನು ಬೆರಳಿನಿಂದ ತಟ್ಟಿ ಹೊರಟುಹೋಗುವರು. ತಾತ ಉಂಡು, ತಟ್ಟೆ ತೊಳೆದು ಅಲ್ಲೇ ಬೋರಲು ಹಾಕುವರು. ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮಜ್ಜಿಯ ಕಾಲದಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನೆದುರು ನಿಂತು ಮಾತನಾಡುವ ಪದ್ಧತಿಯೇ ಇರಲಿಲ್ಲ, ಏನಿದ್ದರೂ ಬಾಗಿಲ ಮರೆಯಿಂದ. ಏರ್‌ಪೋರ್ಟ್ ರಸ್ತೆಯ ಪಕ್ಕದಲ್ಲೂ ಅದನ್ನು ಪಾಲಿಸುವವರು ಉಳಿದಿದ್ದಾರಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಸಹೋದ್ಯೋಗಿಗಳ ಮುಂದೆ ಈ ಸಂಗತಿಯನ್ನು ಬಣ್ಣಿಸಿಯೂ ಆಗಿತ್ತು.

ಮಗಳು ಸ್ಕೂಲಿನಿಂದ ಬಂದವಳೇ ಹಿತ್ತಲಿಗೆ ಓಡುತ್ತಿದ್ದಳು. ತಾತ ಕಲ್ಲುಚಪ್ಪಡಿಯ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಅವಳಿಗೆ ಚೌಕಾಬಾರ ಕಲಿಸಿದ್ದರು. ದಾಳಕ್ಕೆಂದು ಹುಣಸೆಬೀಜ ಉಜ್ಜಿದ್ದೂ ಅವರೇ. ಅವಳ ಕಾಯಿ ಹೊಡೆಯುವ ಅವಕಾಶ ಎಷ್ಟು ಸಲ ಬಂದರೂ ಹೊಡೆಯುತ್ತಿರಲಿಲ್ಲ. ಅವಳು ಅವರ ಕಾಯಿ ಹೊಡೆದರೆ "ಇರ್ಲಿ ಬುಡು" ಎನ್ನುವರು. ಮಳೆ ಬರದಿದ್ದರೂ ಇರ್ಲಿ ಬುಡು, ಕರೆಂಟು ಹೋದರೂ ಇರ್ಲಿ ಬುಡು. ನಾನು ಕೆಲಸ ಮುಗಿಸಿ ಬರುವುದು ತಡವಾದ ದಿನಗಳಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದುದು ಅವರೇ. ಅವರನ್ನು ನೆನೆದು ನಾನು ನಿಶ್ಚಿಂತೆಯಿಂದ ಇರುತ್ತಿದ್ದೆ.

ಹೀಗಿರುವಾಗ ಓನರಮ್ಮ ತಮ್ಮ ಗಂಡನ ತಿಥಿಗೆ ನನ್ನನ್ನು ಊಟಕ್ಕೆ ಕರೆದರು. ಎಲೆಯ ಮುಂದೆ ಕೂತು, ಗೋಡೆಯ ಮೇಲಿನ ಫೋಟೋ ನೋಡುತ್ತ, ಇಷ್ಟು ಚಿಕ್ಕ ವಯಸ್ಸಿಗೆ ಇವರಿಗೆ ಏನಾಗಿತ್ತು ಎಂದು ಕೇಳಿದೆ.

"ಅವ್ರಣ್ಣ ಹೊಡೆದ್ರು. ಗುದ್ದಲೀಲಿ" ಎಂದರು.

ಯಾವ ಅಣ್ಣ ಎಂದು ನಾನು ಕೇಳುವ ಮೊದಲೇ, ಕೈಯಲ್ಲಿದ್ದ ಸೌಟನ್ನು ಹಿತ್ತಲಿನ ಕಡೆ ತೋರಿಸಿದರು. ಆಮೇಲೆ ನನ್ನ ಎಲೆಗೆ ಇನ್ನೊಂದು ವಡೆ ಹಾಕಿದರು.

ಜೀವಾವಧಿ ಶಿಕ್ಷೆ ಮುಗಿಸಿ ಬಂದ ತಾತನಿಗೆ ಬೇರೆ ದಿಕ್ಕಿರಲಿಲ್ಲವಂತೆ. ಅಷ್ಟರಲ್ಲಿ ಅವರ ಹೆಂಡತಿ ತೌರುಮನೆಯಲ್ಲಿ ತೀರಿಕೊಂಡಿದ್ದರಂತೆ. ಗಂಡನನ್ನು ಕೊಂದವರನ್ನು ನೀವೇಕೆ ಇಟ್ಟುಕೊಂಡಿರಿ ಎಂದು ಕೇಳಿಯೇಬಿಟ್ಟೆ. ಓನರಮ್ಮ "ಕಣ್ಣೆದುರಿಗೇ ಇರ್ಲಿ ಅಂತ" ಎಂದರು. ಅದು ಕನಿಕರದ ಮಾತೋ, ಕೊಡುತ್ತಿರುವ ಶಿಕ್ಷೆಯೋ ನನಗೆ ತಿಳಿಯಲಿಲ್ಲ. ಮುಖ ನೋಡಿ ಮನಸ್ಸು ಹೇಳಲು ಸಂಬಳ ಪಡೆಯುವವಳು ನಾನು, ಆ ಮುಖದಲ್ಲಿ ನನಗೆ ಒಂದಕ್ಷರವೂ ಸಿಗಲಿಲ್ಲ.

ಬಹುಕಾಲ ಜೈಲಿನಲ್ಲಿದ್ದವರು ಬಾಗಿಲನ್ನು ತಾವಾಗಿ ತೆಗೆಯುವುದನ್ನೇ ಮರೆತುಬಿಡುತ್ತಾರೆ, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಕಾಯುತ್ತಾರೆ. ಪ್ರತಿವರ್ಷ ಈ ಮಾತನ್ನು ಕ್ಲಾಸಿನಲ್ಲಿ ಹೇಳುವವಳು ಅದೇ ಗೇಟನ್ನು ದಿನಾ ತೆಗೆದುಕೊಡುತ್ತಿದ್ದೆ! ನನ್ನ ಮೇಲೆ ನನಗೇ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಮರುದಿನದಿಂದ ಡ್ರಾಯಿಂಗ್ ಕ್ಲಾಸು, ನೆಗಡಿ, ಹೋಮ್‌ವರ್ಕು ಎಂದು ಏನೋ ನೆಪ ಹೇಳಿ ಮಗಳನ್ನು ಒಳಗೇ ಇಟ್ಟುಕೊಂಡೆ. ಪಾಠದ ಪಟ್ಟಿಗಳನ್ನೆಲ್ಲ ತಾತನ ಮೇಲೆ ಪ್ರಯೋಗಿಸಿ ನೋಡಿದೆ. ಕುಡಿತ ಇರಲಿಲ್ಲ, ಬೀಡಿ ಕೂಡ ಸೇದುತ್ತಿರಲಿಲ್ಲ. ಬೀದಿನಾಯಿಗೆ ತಮ್ಮ ಮುದ್ದೆಯಲ್ಲಿ ಅರ್ಧ ಹಾಕುವರು. ಮಗಳ ಕಾಯಿಯನ್ನು ಹೊಡೆಯದೆ ಬಿಡುತ್ತಿದ್ದುದನ್ನೂ ವಿಶ್ಲೇಷಿಸಿದೆ ಎಂದರೆ ನನ್ನ ಅವಸ್ಥೆ ಊಹಿಸಿಕೊಳ್ಳಿ. ಯಾವ ಖಾನೆಯಲ್ಲೂ ಅವರು ಕೂರಲಿಲ್ಲ.

ಒಂದು ದಿನ ಬಟ್ಟೆ ಒಣಹಾಕುವಾಗ ತಾತ ತಾವಾಗಿಯೇ ಬಂದು ನಿಂತರು.

"ಮಗೂನ ಕಳಿಸ್ತಿಲ್ಲ. ಗೊತ್ತಾಯ್ತು ಅನ್ಸತ್ತೆ" ಎಂದರು. ನಾನು ಇನ್ನೊಂದು ಬಟ್ಟೆ ಕೊಡವಿದೆ. "ಒಳ್ಳೇದ್ ಮಾಡ್ದೆ ಕಣಮ್ಮ. ನಾನಾಗಿದ್ರೂ ಅಂಗೇ ಮಾಡ್ತಿದ್ದೆ."

ನಾಚಿಕೆ ಬಿಟ್ಟು ಕೇಳಿದೆ, ನೀವು ನನ್ನ ಮಗಳಿಗೆ ಏನಾದರೂ ಮಾಡುತ್ತೀರಾ ಎಂದು. ಅವರಿಗೆ ಸಿಟ್ಟು ಬರಲಿಲ್ಲ. ಯಾರೋ ಲೆಕ್ಕ ಕೇಳಿದ್ದಾರೆ ಎಂಬ ಹಾಗೆ ಯೋಚಿಸಿದರು.

"ಮಾಡಲ್ಲ. ಆದ್ರೆ ಅವತ್ ಬೆಳಿಗ್ಗೆ ಕೇಳಿದ್ರೂ ಮಾಡಲ್ಲ ಅಂತಾನೇ ಅಂತಿದ್ದೆ. ಇಬ್ರೂ ಒಂದೇ ತಟ್ಟೇಲಿ ಉಂಡು ಒಲಕ್ಕೆ ಓಗಿದ್ವಿ."

ತಮ್ಮನ ಎಮ್ಮೆ ಇವರ ಅವರೆಕಾಯಿ ಹೊಲಕ್ಕೆ ನುಗ್ಗಿತ್ತು. ಮಾತಿಗೆ ಮಾತು ಬೆಳೆಯಿತು, ತೀರಿಹೋಗಿದ್ದ ತಾಯಿಯ ಬಗ್ಗೆ ತಮ್ಮ ಏನೋ ಅಂದ. ಏನು ಅಂದ ಎಂಬುದನ್ನು ತಾತ ಹೇಳಲಿಲ್ಲ. ಅವರಿಗೇ ಮರೆತಿತ್ತೋ ಏನೋ. "ಕೈಲಿ ಗುದ್ದಲಿ ಇತ್ತು. ಅಷ್ಟೇ ನಂಗೊತ್ತಿರೋದು. ಇಷ್ಟ್ ವರ್ಷ ಕೂತ್ಕಂಡು ಯೋಚ್ನೆ ಮಾಡಿವ್ನಿ, ಅದರಾಚೆಗೆ ಏನೂ ಸಿಗಾಕಿಲ್ಲ. ನೀನು ಓದಿರೋಳು, ಏನಾಯ್ತು ಅಂತ ನೀನೇ ಏನಾರ ಕಂಡ್ರೆ ನಂಗೆ ತಿಳಿಸು."

ಅದಕ್ಕೆ ನಮ್ಮ ಪುಸ್ತಕಗಳಲ್ಲಿ ಹೆಸರುಗಳಿವೆ. ಒಂದನ್ನೂ ಬಾಯಿಗೆ ತರಲಾಗಲಿಲ್ಲ.

ಜೈಲಿನಲ್ಲಿ ನಾನು ಮಾತನಾಡಿಸಿದ ಎಷ್ಟೋ ಜನ, ನಂಬಿ ಮೇಡಂ, ಇನ್ನು ಒಂದಿರುವೆಯನ್ನೂ ತುಳಿಯುವುದಿಲ್ಲ ಎಂದು ಆಣೆ ಹಾಕಿದ್ದಾರೆ. ನಂಬಬೇಡ ಎಂದವರು ತಾತ ಒಬ್ಬರೇ. ನಂಬಬೇಡ ಎಂದರು ಎಂಬ ಕಾರಣಕ್ಕೆ ಒಬ್ಬರನ್ನು ನಂಬಬಹುದೇ? ಗಂಡ, ತಲೆ ಕೆಡಿಸಿಕೊಳ್ಳಬೇಡ, ಯಲಹಂಕದಲ್ಲಿ ಬೇರೆ ಮನೆ ನೋಡೋಣ ಎಂದ. ಮನೆಯನ್ನೂ ಬಿಡಲಾಗಲಿಲ್ಲ, ಮಗಳ ಹಟವನ್ನೂ ತಡೆಯಲಾಗಲಿಲ್ಲ. ಕೊನೆಗೆ ಅವಳನ್ನು ಮತ್ತೆ ಹಿತ್ತಲಿಗೆ ಕಳಿಸಿದೆ, ನಾನು ಮನೆಯಲ್ಲಿರುವಾಗ ಮಾತ್ರ. ಕಳಿಸಿ, ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಸಾರು ಉಕ್ಕಿದರೂ ಕಣ್ಣು ತೆಗೆಯುತ್ತಿರಲಿಲ್ಲ.

ಆ ಕಿಟಕಿಯಿಂದಲೇ ಒಮ್ಮೆ ನೋಡಿದೆ. ಪಾರ್ಸೆಲ್ ತಂದ ಹುಡುಗನೊಬ್ಬ ಬೈಕನ್ನು ಜೋರಾಗಿ ಹಿತ್ತಲ ತನಕ ನುಗ್ಗಿಸಿದ. ಮಗಳು ಕೂದಲೆಳೆಯಲ್ಲಿ ಪಾರಾದಳು. ತಾತ ಪಕ್ಕದಲ್ಲಿದ್ದ ಸೌದೆ ಎತ್ತಿದ್ದು ಕಂಡಿತು, ಅವರ ಮುಖವೂ ಕಂಡಿತು. ಆ ಮುಖವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮರುಕ್ಷಣ ಸೌದೆ ಬಿಸಾಡಿ ನೆಲಕ್ಕೆ ಕುಸಿದು ಕೂತರು, ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡರು. ಹುಡುಗ ಸಾರಿ ಹೇಳಿ ಹೋಗಿ ಬಹಳ ಹೊತ್ತಾದರೂ ಕೈ ಹೊರಗೆ ತೆಗೆಯಲಿಲ್ಲ. ಮಗಳು ಅವರ ಸರದಿಯ ಬೀಜವನ್ನೂ ತಾನೇ ಹಾಕಿದಳು. ಸಿಟ್ಟನ್ನು ಹಿಡಿಯಬಲ್ಲರು ಎಂದು ಸಮಾಧಾನ ಮಾಡಿಕೊಳ್ಳಬೇಕೋ, ಹಿಡಿಯಬೇಕಾದ್ದು ಇನ್ನೂ ಒಳಗಿದೆ ಎಂದು ಹೆದರಬೇಕೋ, ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಎದ್ದಾಗಲೂ ಗೊತ್ತಾಗಲಿಲ್ಲ.

ಕಳೆದ ಬೇಸಿಗೆಯಲ್ಲಿ ತಾತ ನಿದ್ದೆಯಲ್ಲೇ ಹೋದರು. ದಾಯಾದಿಯೊಬ್ಬರು ಬಂದು ಕಾರ್ಯ ಮಾಡಿದರು. ಹಾಲುತುಪ್ಪ ಮುಗಿದು ಬಂದವರೆಲ್ಲ ಹೋದ ಮೇಲೆ ಓನರಮ್ಮ ಹಿತ್ತಲ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಅವರ ಕಣ್ಣಲ್ಲಿ ನೀರಿರಲಿಲ್ಲ.

"ನೀವು ಅಡುಗೆಮನೆ ಕಿಟಕೀಲಿ ನಿಂತಿರ್ತಿದ್ರಿ ಅಲ್ವಾ?" ಎಂದರು. ನನ್ನ ಮುಖ ಬಿಸಿಯಾಯಿತು. "ನಾನೂ ಮೇಲೆ ನಿಂತಿರ್ತಿದ್ದೆ ಕಣ್ರೀ. ಮಗು ಅವ್ರ ಹತ್ರ ಇದ್ದಾಗೆಲ್ಲ."

ತಾತನಿಗೆ ಅದು ಗೊತ್ತಿತ್ತೇ ಎಂದು ಕೇಳಿದೆ.

"ಗೊತ್ತಿರ್ದೆ ಏನು? ಹಲಸಿನ ಮರದ ಕೆಳಗೆ ಅಷ್ಟು ನೆರಳಿದೆ. ಅಲ್ಲಿ ಕೂತ್ರೆ ಮೇಲಿಂದ ನಂಗೆ ಕಾಣ್ಸಲ್ಲ. ಅದಕ್ಕೇ ಮಗು ತಲೆ ಮೇಲೆ ಟವೆಲ್ ಹಾಕಿ, ಬಿಸಿಲಲ್ಲೇ ಕೂರೋರು. ನಮ್ಮಿಬ್ರಿಗೂ ಕಾಣೋ ಹಾಗೆ."

ಆಗ ನಾನು ಅತ್ತೆ. ಓನರಮ್ಮ ನನ್ನ ಬೆನ್ನು ಸವರಿದರು. ಅಳಬೇಕಾದವರು ಯಾರು, ಸಮಾಧಾನ ಮಾಡಬೇಕಾದವರು ಯಾರು ಎಂಬುದೂ ನಮ್ಮಿಬ್ಬರ ನಡುವೆ ಅದಲುಬದಲಾಗಿತ್ತು.

ತಾತ ಅಪಾಯದ ಮನುಷ್ಯರೇ ಎಂದು ಈಗ ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ ಏನು ಬರೆಯಬೇಕೋ ತಿಳಿಯದು. ನನ್ನ ಮಗಳು ಅವರ ಬಳಿ ಅಷ್ಟು ದಿನ ಕ್ಷೇಮವಾಗಿದ್ದಳು. ಕಿಟಕಿ ಬಿಟ್ಟು ಕದಲದ ನಮ್ಮಿಂದಲೋ, ಕಾಣುವ ಹಾಗೆ ಬಿಸಿಲಲ್ಲಿ ಕೂತ ಅವರಿಂದಲೋ ಎಂದು ಕೇಳಿಕೊಳ್ಳುತ್ತೇನೆ. ಅವರಿಂದಲೇ ಎಂದು ಮನಸ್ಸು ಹೇಳುತ್ತದೆ. ಆದರೂ ಆ ಕಿಟಕಿಯಲ್ಲಿ ನಿಂತಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಅವರೂ ನಿಲ್ಲಬೇಡ ಎನ್ನುತ್ತಿರಲಿಲ್ಲ.