ಡಿಪೋ ಪರವಾಗಿ ನಿದ್ದೆ ಮಾಡಿದ ಅಕ್ಕ

ಬಸ್ ಡಿಪೋದ ವಿಶ್ರಾಂತಿ ಕೊಠಡಿಗೆ ಅಂಟಿಕೊಂಡಂತೆ ಒಂದು ಸಾಮಾನು ಕೋಣೆ. ಅದರಲ್ಲಿ ಒಗೆದು ಮಡಿಸಿಟ್ಟ ಹೊದಿಕೆಗಳ ರಾಶಿಗೆ ಒರಗಿ ಮಧ್ಯಾಹ್ನದ ಹೊತ್ತು ಅಕ್ಕ ಮಲಗಿರುತ್ತಿದ್ದಳು. ಎರಡೂ ಕೈಗಳಿಗೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಕಪ್ಪು ರಬ್ಬರ್ ಪಟ್ಟಿಗಳು. ಪ್ರತಿ ಪಟ್ಟಿಯ ಒಳಮೈಯಲ್ಲೂ ಒಂದು ಸಣ್ಣ ಹಸಿರು ಬೆಳಕು ಅವಳ ಚರ್ಮಕ್ಕೆ ಮುಖ ಮಾಡಿ ಮಿಣುಕುತ್ತಿತ್ತು. ಕಿಟಕಿಗೆ ಹಳೆಯ ಹೊದಿಕೆಯೇ ಪರದೆ. ಆ ಮಬ್ಬಿನಲ್ಲಿ ಅವಳ ತೋಳುಗಳು ಕೆರೆಯ ತಳದಲ್ಲಿ ಬೆಳೆದ ಯಾವುದೋ ಬಳ್ಳಿಯಂತೆ ಕಾಣುತ್ತಿದ್ದವು. ಉಸಿರು ಹೋಗಿ ಬಂದಾಗಲೆಲ್ಲ ಬೆಳಕುಗಳು ಒಟ್ಟಿಗೆ ಮೇಲೆದ್ದು ಒಟ್ಟಿಗೆ ಇಳಿಯುತ್ತಿದ್ದವು.

ಅದು ಅವಳೊಬ್ಬಳ ನಿದ್ದೆಯಲ್ಲ. ಎಂಟು ಮಂದಿ ರಾತ್ರಿ ಬಸ್ ಚಾಲಕರ ಪರವಾಗಿ ಅವಳು ನಿದ್ದೆ ಮಾಡುತ್ತಿದ್ದಳು.

ಅಕ್ಕ ಆ ವಿಶ್ರಾಂತಿ ಕೊಠಡಿಯ ಆಯಾ. ಬೆಳಗಿನ ಜಾವ ದೂರದ ಊರುಗಳಿಂದ ಬಸ್ಸುಗಳು ಬಂದು ನಿಂತರೆ ಚಾಲಕರಿಗೆ ಹೊದಿಕೆ ಕೊಡುವುದು, ಅವರು ಎದ್ದು ಮನೆಗೆ ಹೋದ ಮೇಲೆ ಒಗೆಯುವುದು, ಮಡಿಸುವುದು. ಅಷ್ಟಾದರೆ ಕೆಲಸ ಮುಗಿಯಿತು. ಗಂಡ ಅದೇ ಡಿಪೋದ ಟಯರ್ ವಿಭಾಗದಲ್ಲಿ. ಸಂಜೆ ಅವರ ಪಾಳಿ ಮುಗಿಯುವವರೆಗೆ ಇವಳಿಗೆ ಕಾಯುವುದೇ ಉದ್ಯೋಗ. ಕಾಯುವುದೆಂದರೆ ಅಕ್ಕನ ಲೆಕ್ಕದಲ್ಲಿ ಮಲಗುವುದು. ರಾತ್ರಿ ಮನೆಯಲ್ಲೂ ಮಲಗುತ್ತಾಳಲ್ಲ ಎಂದು ಯಾರಾದರೂ ಕೇಳಿದರೆ, "ಅದು ಮನೆ ನಿದ್ದೆ, ಇದು ಡ್ಯೂಟಿ ನಿದ್ದೆ" ಎನ್ನುತ್ತಿದ್ದಳು. ಪಕ್ಕದಲ್ಲಿ ಎಂಜಿನ್ ಬಿಚ್ಚಲಿ, ತಗಡು ಬಡಿಯಲಿ, ಅವಳ ರೆಪ್ಪೆ ಅಲುಗುತ್ತಿರಲಿಲ್ಲ.

ಪಟ್ಟಿಗಳು ಬಂದದ್ದು ಹೀಗೆ. ಬಸ್ ಕಂಪನಿಯ ಆಡಳಿತದವರು ಯಾವುದೋ ತಂತ್ರಜ್ಞಾನ ಕಂಪನಿಯ ಜೊತೆ ಕೈಕುಲುಕಿದರು. ಒಂದು ದಿನ ಡಿಪೋದ ಅಂಗಳದಲ್ಲಿ ಬಲೂನು ಕಟ್ಟಿ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಹಂಚಿದರು. ಬ್ಯಾನರಿನ ಮೇಲೆ "ನಿಮ್ಮ ನಿದ್ದೆ, ನಮ್ಮ ಕಾಳಜಿ" ಎಂದಿತ್ತು. ತಂತ್ರಜ್ಞಾನ ಕಂಪನಿಯಿಂದ ಬಂದ ಹೆಣ್ಣುಮಗಳು ಮೈಕು ಹಿಡಿದು, ತಮ್ಮ ಕಚೇರಿಯಲ್ಲಿ ಸರ್ ಮೇಡಂ ಎಂಬುದೇ ಇಲ್ಲವೆಂದೂ, ಎಲ್ಲರೂ ಒಂದೇ ಕುಟುಂಬವೆಂದೂ, ತನ್ನನ್ನು ಹೆಸರು ಹಿಡಿದೇ ಕರೆಯಬೇಕೆಂದೂ ಹೇಳಿದಳು. ಚಾಲಕರು ಅವತ್ತಿನಿಂದ ಅವಳನ್ನು ಕಾಳಜಿ ಮೇಡಂ ಎಂದು ಕರೆದರು.

ಪಟ್ಟಿ ಕಟ್ಟಿಕೊಂಡು ಹಗಲು ಮಲಗಬೇಕು. ನಿದ್ದೆ ಸರಿಯಾಗಿದ್ದರೆ ಸಂಜೆ ಫೋನಿನಲ್ಲಿ ಹಸಿರು. ಕೆಂಪು ಬಂದರೆ ಅಂದು ಬಸ್ಸಿಲ್ಲ. ಇದಕ್ಕೆಲ್ಲ ಒಪ್ಪಿಗೆ ಎಂದು ಫೋನಿನಲ್ಲಿ ಒಂದು ಗುಂಡಿ ಒತ್ತಬೇಕಿತ್ತು. ಮೀಸೆ ಎಂದು ಹೆಸರಾದ ಹಿರಿಯ ಚಾಲಕ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮೇಡಂ, 'ಒಪ್ತೀನಿ' ಅಂತ ಇದೆ. 'ಒಪ್ಪಲ್ಲ' ಅನ್ನೋದು ಎಲ್ಲಿದೆ?"

"ಅದು ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ" ಎಂದಳು ಕಾಳಜಿ ಮೇಡಂ, ನಗದೆ.

ಚಾಲಕ ತೂಕಡಿಸಬಾರದು, ನಿಜ. ಹಿಂದೆ ಐವತ್ತು ಜನ ಅವನನ್ನು ನಂಬಿ ಕಣ್ಣು ಮುಚ್ಚಿರುತ್ತಾರೆ. ಆದರೆ ಅವನ ನಿದ್ದೆಯ ಬಗ್ಗೆ ಅಷ್ಟು ಕಾಳಜಿ ಇದ್ದವರು ಎರಡು ಟ್ರಿಪ್ಪಿನ ನಡುವೆ ಒಂದು ರಾತ್ರಿ ಬಿಡುವು ಕೊಡಬಹುದಿತ್ತು. ಅದರ ಬದಲು ಪಟ್ಟಿ ಕೊಟ್ಟರು. ನಾಳೆ ಬಸ್ಸು ಮರಕ್ಕೆ ಗುದ್ದಿದರೆ, "ನೋಡಿ, ಇವನೇ ಮಲಗಿರಲಿಲ್ಲ" ಎಂದು ತೋರಿಸಲು ಒಂದು ಸಾಕ್ಷಿ ಬೇಕಿತ್ತು ಅವರಿಗೆ. ಆ ಸಾಕ್ಷಿಯನ್ನು ಆರೋಪಿಯ ಕೈಗೇ ಕಟ್ಟಿ ಅದಕ್ಕೆ ಕಾಳಜಿ ಎಂದು ಹೆಸರಿಟ್ಟರು.

ಪಟ್ಟಿಗೆ ಬೇಕಾಗಿದ್ದದ್ದು ಹವಾನಿಯಂತ್ರಿತ ಕೋಣೆಯಲ್ಲಿ ಮೆತ್ತೆಯ ಮೇಲೆ ಮಲಗಿದವರ ತುಂಡಾಗದ ನಿದ್ದೆ. ವರ್ಷಗಟ್ಟಲೆ ರಾತ್ರಿ ಓಡಿಸಿದವನ ನಿದ್ದೆ ಹಾಗಿರುವುದಿಲ್ಲ. ಅವನು ಒಂದಷ್ಟು ಹೊತ್ತು ಮಲಗುತ್ತಾನೆ, ಎದ್ದು ನೀರು ಕುಡಿಯುತ್ತಾನೆ, ಮಗುವನ್ನು ಶಾಲೆಯಿಂದ ಕರೆತರುತ್ತಾನೆ, ಮತ್ತೆ ಮಲಗುತ್ತಾನೆ. ಸಂಜೆಗೆ ಹೊಸ ಮನುಷ್ಯನಾಗಿ ಬರುತ್ತಾನೆ. ಪಟ್ಟಿಗೆ ಅದು ನಿದ್ದೆಯೇ ಅಲ್ಲ. ಮೇಲಾಗಿ ಇನ್ನೊಂದು ಸಂಕಟವಿತ್ತು. ಅದನ್ನು ಬಾಯಿಬಿಟ್ಟು ಹೇಳಿದವನು ಮದುಮಗ. ಸದಾ ಇಸ್ತ್ರಿ ಮುರಿಯದ ಬಟ್ಟೆ ಹಾಕುತ್ತಿದ್ದುದರಿಂದ ಅವನಿಗೆ ಆ ಹೆಸರು.

"ಹಗಲು ಹೊತ್ತು ಹೆಂಡ್ತಿ ಹತ್ರ ಎರಡು ಮಾತಾಡೋಣ ಅಂದ್ರೂ ಇದು ಎದೆಬಡಿತ ಎಣಿಸ್ತಾ ಕೂತಿರುತ್ತಕ್ಕ. ಅತ್ತೆ ಮನೇಲಿ ಇದ್ದ ಹಾಗೆ ಆಗುತ್ತೆ."

"ಬರೀ ಮಾತಾಡಿದ್ರೆ ಎದೆ ಯಾಕೆ ಬಡ್ಕೋಬೇಕು ನಿಂಗೆ?" ಎಂದಳು ಅಕ್ಕ. ಕೊಠಡಿ ಇಡೀ ನಕ್ಕಿತು.

ಮೊದಲು ಬಂದದ್ದು ಮೀಸೆಯ ಪಟ್ಟಿ. ಒಂದು ಬೆಳಿಗ್ಗೆ ಹೊದಿಕೆಯ ಮಡಿಕೆಯಲ್ಲಿ ಬಿದ್ದುಹೋಗಿತ್ತು. ಕಳೆದುಹೋದರೆ ಪಾಪ ಎಂದು ಅಕ್ಕ ಅದನ್ನು ಕೈಗೆ ಹಾಕಿಕೊಂಡು ಮಲಗಿಬಿಟ್ಟಳು. ಸಂಜೆ ಮೀಸೆಯ ಫೋನಿಗೆ ಹಸಿರಿನ ಮೇಲೆ ಹಸಿರು, ಜೊತೆಗೆ ಪಟಾಕಿ ಹಾರುವ ಚಿತ್ರ. "ಅಭಿನಂದನೆಗಳು, ಮಗುವಿನಂಥ ನಿದ್ದೆ!" ಮೀಸೆ ಫೋನನ್ನೂ ಅಕ್ಕನನ್ನೂ ಸರದಿಯಂತೆ ನೋಡಿದ. ಆ ವಾರ ಕಳೆಯುವಷ್ಟರಲ್ಲಿ ಎಂಟು ಪಟ್ಟಿಗಳಾದವು.

ಅಕ್ಕನಿಗೂ ಒಂದು ಕಟ್ಟುಪಾಡಿತ್ತು. ಸಂಜೆ ಪಟ್ಟಿ ವಾಪಸ್ ಕೊಡುವ ಮುಂಚೆ ಒಬ್ಬೊಬ್ಬನನ್ನೂ ಬಾಗಿಲ ಬೆಳಕಿಗೆ ನಿಲ್ಲಿಸಿ ಕಣ್ಣು ನೋಡುತ್ತಿದ್ದಳು. ಕಣ್ಣು ಉರಿಯುವ ಹಾಗಿದ್ದರೆ ಪಟ್ಟಿ ಅವಳ ಸೆರಗಿನೊಳಗೇ ಉಳಿಯುತ್ತಿತ್ತು. "ಇವತ್ತು ನೀನು ಹೋಗ್ಬೇಡ. ಮಲ್ಕೋ. ಬೈದ್ರೆ ಬೈಸ್ಕೋ." ಅವಳ ಕೆಂಪು ದೀಪದ ಎದುರು ಯಾರೂ ಎದುರಾಡುತ್ತಿರಲಿಲ್ಲ.

ಪಟ್ಟಿಯ ಜೊತೆಗೆ ಅವಳು ಒಂದೊಂದು ಕನಸನ್ನೂ ಕೊಡುತ್ತಿದ್ದಳು. ಹೇಗೂ ನಿಮ್ಮ ನಿದ್ದೆ ಮಾಡಿದ್ದೇನೆ, ಅದರಲ್ಲಿ ಬಿದ್ದದ್ದನ್ನು ನಾನು ಇಟ್ಟುಕೊಂಡರೆ ಸರಿಯಲ್ಲ ಎನ್ನುವುದು ಅವಳ ನ್ಯಾಯ. "ತಗೋ ಮೀಸೆ, ಇದು ನಿಂದು. ಒಂದು ಉದ್ದ ಸೇತುವೆ, ಕೆಳಗೆ ನೀರಿನ ಬದಲು ಹಕ್ಕಿಗಳು ಹರೀತಿದ್ವು." ಮದುಮಗನಿಗೆ ಒಮ್ಮೆ ಗೋಡೆಗಳಿಲ್ಲದ, ಬರೀ ಕಿಟಕಿಗಳೇ ಇದ್ದ ಮನೆ ಸಿಕ್ಕಿತ್ತು. "ಥೂ, ಪರದೆ ಹೊಲಿಸೋಕೇ ಸಂಬಳ ಹೋಗುತ್ತೆ" ಎಂದು ಅವನು ಬೈದುಕೊಂಡೇ ಇಸಿದುಕೊಂಡ. ರಾತ್ರಿ ಉದ್ದನೆಯ ರಸ್ತೆಯಲ್ಲಿ, ಎಲ್ಲರೂ ಮಲಗಿದ ಬಸ್ಸಿನಲ್ಲಿ, ಅವರು ಆ ಕನಸುಗಳನ್ನು ಬಿಚ್ಚಿ ನೋಡುತ್ತ ಹೋಗುತ್ತಿದ್ದರಂತೆ. ಹಕ್ಕಿಗಳ ಸೇತುವೆ ದಾಟುವಾಗ ತಾನು ಗೇರು ತಗ್ಗಿಸುತ್ತಿದ್ದೆ ಎಂದು ಮೀಸೆ ನಾಚಿಕೆಯಿಲ್ಲದೆ ಹೇಳುತ್ತಿದ್ದ.

ಹೀಗೇ ಮಳೆ ಹೋಗಿ ಚಳಿ ಬಂತು. ಒಂದು ಸಂಜೆ ಎಂಟೂ ಫೋನುಗಳು ಒಟ್ಟಿಗೆ ಕೆಂಪಾದವು. ನಿದ್ದೆಯ ಕೆಂಪಲ್ಲ. ಹೃದಯದ ಬಡಿತದಲ್ಲಿ ಲೋಪ ಕಂಡಿದೆ, ವಾಹನ ಓಡಿಸಕೂಡದು ಎಂಬ ಸೂಚನೆ.

ಮಾರನೆಯ ದಿನ ಕಾಳಜಿ ಮೇಡಂ ಬಂದಳು. ದುಃಖದ ಸುದ್ದಿ ತಂದವಳ ಮುಖದಲ್ಲಿ ಇರಬಾರದಷ್ಟು ಹೊಳಪು ಅವಳ ಮುಖದಲ್ಲಿತ್ತು. ಒಂದೇ ಡಿಪೋ, ಎಂಟು ಜನ, ಒಂದೇ ಬಗೆಯ ಲೋಪ! ಡೀಸೆಲ್ ಹೊಗೆಯಿಂದಲೋ, ಸೀಟಿನ ನಡುಕದಿಂದಲೋ, ಇದೊಂದು ದೊಡ್ಡ ಸಂಶೋಧನೆಯಾಗುತ್ತದೆ ಎಂದಳು. ಆಸ್ಪತ್ರೆಗೆ ಹೋಗಿ ಬಂದ ಇಬ್ಬರ ಎದೆ ಗಟ್ಟಿಮುಟ್ಟಾಗಿದೆ ಎಂದು ಡಾಕ್ಟರು ಹೇಳಿದ್ದನ್ನು ಅವಳ ಮುಂದೆ ಇಟ್ಟರು.

"ಆಸ್ಪತ್ರೆಯವರಿಗೆ ಕಾಣದ್ದು ನಮ್ಮ ಪಟ್ಟಿಗೆ ಕಾಣುತ್ತೆ. ಅದೇ ಅದರ ಹೆಚ್ಚುಗಾರಿಕೆ" ಎಂದಳು.

ವರದಿ ಲೈಸೆನ್ಸ್ ಕಚೇರಿಗೆ ಹೋಗಲಿತ್ತು. ಹೋದರೆ ಈ ಎಂಟು ಜನ ಇನ್ನು ಬದುಕಿನಲ್ಲಿ ಸ್ಟೀರಿಂಗ್ ಮುಟ್ಟುವಂತಿಲ್ಲ. ನಿಜ ಹೇಳಿದರೆ ಮೋಸ ಮಾಡಿದ್ದಕ್ಕೆ ಕೆಲಸ ಹೋಗುತ್ತದೆ. ಆ ಸಂಜೆ ವಿಶ್ರಾಂತಿ ಕೊಠಡಿಯಲ್ಲಿ ಎಂಟೂ ಜನ ತಲೆ ಮೇಲೆ ಕೈ ಹೊತ್ತು ಕೂತರು. ಮದುಮಗ ಎಲ್ಲರ ಫೋನುಗಳನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಂಡು ನೋಡುತ್ತಿದ್ದವನು ತಲೆ ಎತ್ತಿದ. ಎಂಟರಲ್ಲೂ ಅಲೆಯಂಥ ಗೆರೆ ಒಂದೇ ಜಾಗದಲ್ಲಿ ಎಡವಿತ್ತು.

"ಅಕ್ಕ" ಎಂದ ಮೆಲ್ಲಗೆ. "ಇದು ನಮ್ದಲ್ಲ. ನಿಂದು."

ಹೊದಿಕೆ ಮಡಿಸುತ್ತಿದ್ದ ಅಕ್ಕನ ಕೈ ನಿಂತಿತು. ಅಷ್ಟು ಹೊತ್ತೂ ಯಾರಿಗೂ ಹೊಳೆದಿರಲಿಲ್ಲ. ಎಲ್ಲರಿಗೂ ತಮ್ಮ ಲೈಸೆನ್ಸಿನದೇ ಚಿಂತೆ. ಅವಳು ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು, ಯಾರೋ ಬಾಗಿಲು ತಟ್ಟಿದ್ದು ತನ್ನ ಮನೆಯದೋ ಪಕ್ಕದ ಮನೆಯದೋ ಎಂದು ಆಲಿಸುವವಳಂತೆ ನಿಂತಳು.

"ನೀನು ಬಾಯಿ ಬಿಡಬೇಡ" ಎಂದ ಮೀಸೆ. "ಮೊದಲು ಡಾಕ್ಟರ ಹತ್ರ ಹೋಗು. ನಮ್ದು ಹೇಗೋ ಆಗುತ್ತೆ."

"ಹೇಗೋ ಅಂದ್ರೆ ಹೇಗೆ? ಬಸ್ ಬಿಟ್ರೆ ನಿಂಗೆ ಏನು ಬರುತ್ತೆ, ಮೀಸೆ ತಿರುವೋದಾ?"

ಮರುದಿನ ಅಕ್ಕ ಗಂಡನನ್ನು ಕರೆದುಕೊಂಡು ಆ ತಂತ್ರಜ್ಞಾನ ಕಂಪನಿಗೆ ಹೋದಳು. ಅಲ್ಲಿ ಕುರ್ಚಿಗಳಿರಲಿಲ್ಲ, ನೆಲದ ಮೇಲೆ ಕಾಳು ತುಂಬಿದ ಚೀಲದಂಥ ದೊಡ್ಡ ದಿಂಬುಗಳಿದ್ದವು. ಗಾಜಿನ ಗೋಡೆ. ಒಳಗಿದ್ದವರೆಲ್ಲ ಕಿವಿಗೆ ಏನನ್ನೋ ತುಂಬಿಕೊಂಡು, ತಮ್ಮ ತಮ್ಮ ಪರದೆಗಳ ಬೆಳಕಿನಲ್ಲಿ ತೇಲುತ್ತಿದ್ದರು. ಗಂಡ ದಿಂಬಿನಲ್ಲಿ ಕೂತು ಏಳಲಾಗದೆ ಒದ್ದಾಡಿದರು. ಅಕ್ಕ ನಿಂತೇ ಮಾತಾಡಿದಳು.

"ಆ ಎದೆ ನಂದು ಮೇಡಂ. ಎಂಟು ಪಟ್ಟಿನೂ ನಾನೇ ಕಟ್ಕೊಂಡು ಮಲಗ್ತಿದ್ದೆ. ಅವರನ್ನ ಬಿಟ್ಬಿಡಿ."

ಕಾಳಜಿ ಮೇಡಂ ಮೊದಲು ಬಿಳಿಚಿಕೊಂಡಳು. ಹೊರಗೆ ಹೋಗಿ ಯಾರೊಡನೆಯೋ ಮಾತಾಡಿ ಬಂದಾಗ ಮುಖಕ್ಕೆ ಮತ್ತೆ ಹೊಳಪು ಬಂದಿತ್ತು.

"ಅಂದ್ರೆ ನಮ್ಮ ಪಟ್ಟಿ ನಿಮ್ಮ ಜೀವ ಉಳಿಸಿದೆ! ನಿಮ್ಮ ಕಥೆ ಎಲ್ಲರಿಗೂ ತಲುಪಬೇಕು. ನಿಮ್ಮ ಒಂದು ಫೋಟೋ, ಎರಡು ಮಾತು ಸಾಕು. ಚಾಲಕರ ವಿಷಯ ಅಲ್ಲಿಗೆ ಮುಗಿಯಿತು ಅಂತ ನಾವೇ ಬಸ್ ಕಂಪನಿಗೆ ಹೇಳ್ತೀವಿ. ಪಟ್ಟಿಗಳ ಅದಲುಬದಲು ವಿಷಯ ಮಾತ್ರ ಬೇಡ."

ಅಕ್ಕ ಗಂಡನ ಕಡೆ ನೋಡಿದಳು. ಅವರು ದಿಂಬಿನ ಆಳದಿಂದ, "ನಿನ್ನ ಎದೆ, ನೀನೇ ಹೇಳು" ಎಂದರು.

"ಮೇಡಂ, ನಾನು ಉಳ್ಕೊಂಡ್ರೆ ಸಂತೋಷ, ನಿಮಗೆ ಪುಣ್ಯ ಬರಲಿ" ಎಂದಳು ಅಕ್ಕ. "ಆದ್ರೆ ನಿಮ್ಮ ಪಟ್ಟಿಗೆ ಎಂಟು ಗಂಡಸರೂ ಒಬ್ಬಳು ಹೆಂಗಸೂ ಒಂದೇ ಥರ ಕಂಡ್ರಲ್ಲ. ಅದರ ಮಾತು ಕೇಳಿ ನೀವು ಅವರ ಅನ್ನ ಕಿತ್ಕೊಳ್ಳೋಕೆ ಹೊರಟ್ರಿ. ಫೋಟೋ ಹಾಕೋದಾದ್ರೆ ಅದನ್ನೂ ಕೆಳಗೆ ಬರೀತೀರಾ?"

ಮೇಡಂ ಫೋನಿನ ಪರದೆಯನ್ನು ಒರೆಸತೊಡಗಿದಳು.

"ಹಾಗಾದ್ರೆ ಬೇಡ. ನನ್ನ ಎದೆ ಎಡವಿದ್ದು ನಾಲ್ಕು ಜನಕ್ಕೆ ಗೊತ್ತಾಗಿದೆ, ಸಾಕು. ಅದನ್ನ ನೀವು ಗೋಡೆಗೆ ಹಾಕಬೇಡಿ."

ಈ ಮಾತು ಆ ಗಾಜಿನ ಮನೆಯಲ್ಲಿ ಯಾರಿಗೂ ನಾಟಿರಲಾರದು. ಆದರೆ ಹೆದರಿಕೆ ನಾಟಿತು. ಒಬ್ಬಳು ಆಯಾ ಎಂಟು ಪಟ್ಟಿಗಳಿಗೆ ತಿಂಗಳುಗಟ್ಟಲೆ ಟೋಪಿ ಹಾಕಿದಳೆಂಬ ಸುದ್ದಿ ಹೊರಬಿದ್ದರೆ ಮುಂದಿನ ಡಿಪೋದಲ್ಲಿ ಬಲೂನು ಕಟ್ಟುವುದು ಹೇಗೆ? ವರದಿ ಲೈಸೆನ್ಸ್ ಕಚೇರಿ ತಲುಪಲಿಲ್ಲ. ಚಾಲಕರು ಕೆಲಸಕ್ಕೆ ಹಿಂದಿರುಗಿದರು. ಪಟ್ಟಿಗಳನ್ನು "ಸುಧಾರಣೆಗಾಗಿ" ಎಂದು ವಾಪಸ್ ತೆಗೆದುಕೊಂಡು ಹೋದರು. ಸುಧಾರಿಸಿದ ಪಟ್ಟಿಗೆ ಬೀಗವಿರುತ್ತದೆ ಎಂದು ಕೇಳಿದ್ದೇನೆ. ಮೋಸಕ್ಕೆ ಯಾರಾದರೂ ಬೆಲೆ ತೆರಬೇಕಲ್ಲ, ಒಳಗಿಂದೊಳಗೆ ವಿಷಯ ತಿಳಿದ ಬಸ್ ಕಂಪನಿಯವರು ಮೀಸೆಯನ್ನು ರಾತ್ರಿ ಬಸ್ಸಿನಿಂದ ತೆಗೆದು ಹಗಲಿನ ನಗರ ಬಸ್ಸಿಗೆ ಹಾಕಿದರು. ಅಕ್ಕನನ್ನು ಕೆಲಸದಿಂದಲೇ ತೆಗೆದರು.

ಆಸ್ಪತ್ರೆಯ ಡಾಕ್ಟರು ಎದೆ ಪರೀಕ್ಷೆ ಮಾಡಿ, ಇದು ಬಹಳ ಹಿಂದಿನಿಂದ ಇರಬೇಕು, ಮಾತ್ರೆ ತೆಗೆದುಕೊಂಡು ಆಗಾಗ ತೋರಿಸಿಕೊಂಡರೆ ಸಾಕು ಎಂದರು. ಹೆದರುವಂಥದ್ದೇನಿಲ್ಲ. ಆದರೆ ಅವತ್ತಿನಿಂದ ಅಕ್ಕನಿಗೆ ನಿದ್ದೆ ಹೋಯಿತು. ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಗಂಡ ಹಳೆಯ ಟಯರಿನ ಟ್ಯೂಬು ತಂದು, ಗಾಳಿ ತುಂಬಿ, ಅದರ ಮೇಲೆ ಹಾಸಿಗೆ ಹಾಕಿಕೊಟ್ಟರೂ ಬರಲಿಲ್ಲ.

"ಮೊದ್ಲು ಮಲ್ಕೊಂಡ್ರೆ ಅದು ನಂದೇ ಕೋಣೆ" ಎಂದಳಂತೆ ಮೀಸೆಯ ಹತ್ತಿರ. "ಈಗ ಕಣ್ಣು ಮುಚ್ಚಿದ ಕೂಡಲೇ ಒಳಗೆ ಯಾರೋ ದೀಪ ಹಚ್ಕೊಂಡು ಕೂತಿರ್ತಾರೆ. ನಾನು ಹೇಗೆ ಮಲಗ್ತೀನಿ ಅಂತ ನಾನೇ ನೋಡ್ತಾ ಇರ್ತೀನಿ."

ಮುಚ್ಚಿಡುವಂಥದ್ದು ಏನೂ ಇಲ್ಲದವರು ಯಾಕೆ ಹೆದರಬೇಕು ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಸುಶಿಕ್ಷಿತರು, ಸಜ್ಜನರು. ಅವರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಅಕ್ಕ ಏನನ್ನೂ ಮುಚ್ಚಿಟ್ಟಿರಲಿಲ್ಲ. ನಿದ್ದೆ ಮಾಡುವಾಗ ಯಾರೂ ನೋಡುತ್ತಿಲ್ಲ ಎಂದು ನಂಬಿದ್ದಳು, ಅಷ್ಟೇ. ಆ ನಂಬಿಕೆಗೆ ಮಾತ್ರೆ ಬರೆದುಕೊಡುವ ಡಾಕ್ಟರನ್ನು ನಾನು ಇನ್ನೂ ಕಂಡಿಲ್ಲ.

ಮೊನ್ನೆ ಅವಳು ಆಸ್ಪತ್ರೆಗೆಂದು ಹೊರಟು ಮೀಸೆಯ ನಗರ ಬಸ್ಸು ಹತ್ತಿದಳು. ಚಾಲಕನ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಯ ಬಿಸಿಲಿಗೆ ಮುಖ ಒಡ್ಡಿದಳು. ಬಸ್ಸು ಅಂಗಡಿ ಬೀದಿ ದಾಟಿತು. ಒಣಗಲು ಹಾಕಿದ ಬಟ್ಟೆಗಳ ನೆರಳು ಅವಳ ಮೇಲೆ ಹಾದು ಹೋಯಿತು, ಆಮೇಲೆ ಮರಗಳ ನೆರಳು. ಮೀಸೆ ಕನ್ನಡಿಯಲ್ಲಿ ನೋಡಿದಾಗ ಅವಳ ತಲೆ ಕಂಬಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು.

ಆಸ್ಪತ್ರೆಯ ನಿಲ್ದಾಣ ಬಂತು. ಇಳಿಯುವವರು ಇಳಿದರು. ಕಂಡಕ್ಟರು ಅಕ್ಕನ ಭುಜ ಮುಟ್ಟಲು ಕೈ ಚಾಚಿದ. ಮೀಸೆ ತಿರುಗಿ ಕಣ್ಣಲ್ಲೇ ಗದರಿದ. ಸೀಟಿಯೂ ಊದಬೇಡ ಎಂದು ತುಟಿಗೆ ಬೆರಳಿಟ್ಟು ತೋರಿಸಿದ. ಮುಂದೆ ಒಂದು ಆಟೋ ಅಡ್ಡ ಬಂದರೂ ಹಾರನ್ ಹೊಡೆಯದೆ, ಅದು ಸರಿಯುವವರೆಗೆ ಕಾದ. ಯಾಕೆ ಇಷ್ಟು ನಿಧಾನ ಎಂದು ಹಿಂದಿನಿಂದ ಒಬ್ಬರು ಗೊಣಗಿದರು. ಮುಂದೆ ಕೂತಿದ್ದ ಮುದುಕಿ ತಿರುಗಿ, "ಅಮ್ಮ ಮಲಗವ್ರೆ, ಸುಮ್ನಿರಪ್ಪ" ಎಂದಳು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದು ಹೋದ ಎಷ್ಟೋ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟಳು. ಬಸ್ಸು ಖಾಲಿ. ಎಂಜಿನ್ ತಣ್ಣಗಾಗಿತ್ತು. ಮೀಸೆ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಅಯ್ಯೋ! ಆಸ್ಪತ್ರೆ ದಾಟಿ ಬಂದ್ಬಿಟ್ಯಲ್ಲೋ, ಎಬ್ಬಿಸಬಾರದಿತ್ತಾ?"

"ಅದು ನಾಳೆನೂ ಅಲ್ಲೇ ಇರುತ್ತೆ ಬಿಡಕ್ಕ."

"ಎಷ್ಟು ಹೊತ್ತು ಮಲಗಿದ್ದೆ?"

"ನಾನು ನೋಡ್ಲಿಲ್ಲ" ಎಂದ ಮೀಸೆ.