ರಾಜೀನಾಮೆಗೆಂದು ಹಾಕಿಸಿದ ಗಿರಣಿ

ಸ್ವಾತಂತ್ರ್ಯವೆಂಬುದು ಮನುಷ್ಯನ ಅಂತರಂಗದಲ್ಲಿ ಹುಟ್ಟಿ ಕ್ರಮೇಣ ಹೊರಗೆ ಪ್ರಕಟವಾಗುವ ವಸ್ತು. ನನ್ನದು ಹದಿನೆಂಟು ವರ್ಷ ಊಟದ ಚೀಲದಲ್ಲೇ ಇತ್ತು: ಬುತ್ತಿಯ ಡಬ್ಬಿಯ ಕೆಳಗೆ, ನಾಲ್ಕು ಮಡಿಕೆಯ ರಾಜೀನಾಮೆ ಪತ್ರವಾಗಿ. ಅದಕ್ಕೆ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಹತ್ತಿತ್ತು.

ತಾರಿಹಾಳದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನನ್ನ ನೌಕರಿ. ಚೀಟಿ ತಂದವರಿಗೆ ಬೋಲ್ಟು ಕೊಡುವುದು, ತರದವರಿಗೆ ಕೊಡದಿರುವುದು. ಎರಡನೆಯದನ್ನು ಹೆಚ್ಚು ಚೆನ್ನಾಗಿ ಮಾಡುತ್ತಿದ್ದೆ. ಈ ಚೀಟಿಗಳಿಂದ ಪಾರಾಗಲೆಂದೇ ಮನೆಯ ಮುಂದಿನ ಖೋಲಿಯಲ್ಲಿ ಹಿಟ್ಟಿನ ಗಿರಣಿ ಹಾಕಿಸಿದೆ. ಅದು ಆರು ತಿಂಗಳು ಬಿಡದೆ ನನ್ನ ಪಗಾರದಷ್ಟು ದುಡಿದರೆ ಪತ್ರ ಸಾಹೇಬರ ಮೇಜಿನ ಮೇಲೆ ಎಂದು ಹೆಂಡತಿಯ ಮುಂದೆ ಘೋಷಿಸಿದೆ. ಆಕೆ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ನಾಳೆಯಿಂದ ಓದುತ್ತೇವೆ ಎನ್ನುವ ಮಕ್ಕಳನ್ನು ನೋಡಿ ಅಭ್ಯಾಸವಿತ್ತು.

ಒಂದು ತಿಂಗಳು ರಜೆ ಹಾಕಿ ಗಿರಣಿಯಲ್ಲಿ ಕುಳಿತೆ. ಮೊದಲ ದಿನವೇ ಜೋಳದ ಡಬ್ಬಿ ಹೊತ್ತು ಬಂದ ಓಣಿಯ ಅಜ್ಜಿಯ ಮುಂದೆ ಚೀಟಿ ಪುಸ್ತಕ ಸರಿಸಿದೆ. ಹೆಸರು, ಧಾನ್ಯ, ತೂಕ, ಹಿಟ್ಟು ಸಣ್ಣದೋ ದಪ್ಪದೋ, ಕೆಳಗೆ ಸಹಿ.

"ಸಹಿ ಯಾಕೋ ತಮ್ಮಾ? ಜ್ವಾಳ ನಂದ, ಡಬ್ಬಿ ನಂದ. ನಾ ಏನ್ ಹೊಲಾ ಬರದು ಕೊಡಾಕ ಬಂದೇನೇನು?"

"ನಿಯಮ ಐತ್ರಿ ಅಜ್ಜಿ."

"ಯಾರ ನಿಯಮ?"

ಹದಿನೆಂಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಅಜ್ಜಿ ಉತ್ತರಕ್ಕೆ ಕಾಯದೆ ಡಬ್ಬಿಯನ್ನು ಸೊಂಟಕ್ಕೇರಿಸಿ ಹಿಂದಿನ ಓಣಿಯ ಗಿರಣಿಗೆ ನಡೆದರು. ಹದಿನೈದು ದಿನಗಳಲ್ಲಿ ಓಣಿಯೆಲ್ಲ ಅವರ ಹಿಂದೆ ಹೋಯಿತು. ನಾನು ಉಳಿದ ಹಾಳೆಗಳಿಗೆ ಗೆರೆ ಹೊಡೆಯುತ್ತ ಕುಳಿತಿದ್ದೆ.

ಆಗ ಶಾಲೆಗೆ ಬೇಸಿಗೆ ರಜೆ ಬಿಟ್ಟಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಅಲ್ರೀ, ನೌಕರಿ ಬಿಡಾಕ ಗಿರಣಿ ಹಾಕಿದ್ರೋ, ನೌಕರಿನ ಮನಿಗೆ ತಂದ್ರೋ? ಏಳ್ರಿ ಮ್ಯಾಲೆ."

ಎದ್ದೆ. ಚೀಟಿ ಪುಸ್ತಕ ನೀರೊಲೆಗೆ ಹೋಯಿತು. ಯಾರ ಡಬ್ಬಿ ಯಾವುದೆಂದು ಮುಚ್ಚಳದ ನೆಗ್ಗಿನಿಂದಲೇ ಆಕೆ ಹೇಳುತ್ತಿದ್ದಳು. ಯಾರ ಮನೆಯ ರೊಟ್ಟಿಗೆ ಎಷ್ಟು ಸಣ್ಣ ಹಿಟ್ಟು ಬೇಕೆಂಬುದೂ ಗೊತ್ತಿತ್ತು. ಅಜ್ಜಿಯೂ ಮರಳಿದರು, ನಾನಿಲ್ಲವೆಂದು ಇಣುಕಿ ಖಾತ್ರಿ ಮಾಡಿಕೊಂಡ ಮೇಲೆ. ಶಾಲೆ ಶುರುವಾದರೂ ಬೆಳಿಗ್ಗೆ, ಸಂಜೆ ಗಿರಣಿ ಆಕೆಯದೇ. ಆರು ತಿಂಗಳು ಅದು ನನ್ನ ಪಗಾರದಷ್ಟೇ ದುಡಿಯಿತು.

ನಾನು ಗಂಭೀರವಾಗಿ ಪತ್ರ ತೆಗೆದು ಮಡಿಕೆ ಬಿಡಿಸಿದೆ.

"ಇಬ್ಬರೂ ಬಿಟ್ರ ಮನಿ ನಡ್ಯಂಗಿಲ್ಲ," ಎಂದಳು. "ಗಿರಣ್ಯಾಗ ದಿನಾ ಪೂರ್ತಿ ಒಬ್ರು ಬೇಕು. ನಿಮ್ಮನ್ನ ಕುಂಡ್ರಿಸಿದ್ರ ಮತ್ತ ಎಲ್ಲಾರೂ ಹಿಂದಿನ ಓಣಿಗೆ ಹೊಕ್ಕಾರ. ಸಾಲಿ ನಾನ ಬಿಡ್ತೇನಿ. ಕೊಡ್ರಿ ಅದನ್ನ, ನೋಡಿ ಬರೀತೇನಿ."

ಕೊಟ್ಟೆ. ಪತ್ರದ ಭಾಷೆಯನ್ನು ಮುಖ್ಯಾಧ್ಯಾಪಕರು ಮೆಚ್ಚಿದರಂತೆ.

ಆಕೆ ಶಾಲೆ ಬಿಟ್ಟು ಎರಡು ವರ್ಷವಾಯಿತು. ನಾನು ಬೆಳಿಗ್ಗೆ ಎಂಟರ ಬಸ್ಸಿಗೆ ತಾರಿಹಾಳಕ್ಕೆ ಹೋಗುತ್ತೇನೆ.