ಟೈಲರಮ್ಮನ ಈಜಿನ ಬಟ್ಟೆ

ಊರಲ್ಲಿದ್ದಾಗ ಎಲ್ಲರೂ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಪರದೇಶಕ್ಕೆ ಬಂದ ಮೇಲೆ ಹಾಗೆ ಕರೆಯಲು ಗಂಡನೊಬ್ಬನೇ ಉಳಿದ, ಅದೂ ಕೀಟಲೆಗೆ. ಅವನು ಇಲ್ಲಿ ಬಸ್ಸು ಓಡಿಸುತ್ತಿದ್ದ. ಅವಳು ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ, ಕೆಟ್ಟ ಜಿಪ್ಪು ಬದಲಿಸುತ್ತ ದಿನ ದೂಡುತ್ತಿದ್ದಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಮನೆಗೆ ಇದ್ದ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿತ್ತು.

"ಗಾಣದೆತ್ತು ಆಗಿಬಿಟ್ಟೆ ಕಣ್ರೀ," ಎಂದಳು ಒಂದು ಸಂಜೆ. "ಮೈಯೆಲ್ಲ ಜಡ್ಡು ಹಿಡಿದಿದೆ. ಓಡಾಡೋ ಅಂಥದ್ದು ಏನಾದ್ರೂ ಒಂದು ಹಚ್ಚಿಕೊಳ್ತೀನಿ. ಅದೂ ಆಗದಿದ್ರೆ ಊರಿಗೆ, ಅಕ್ಕನ ಮನೆಗೆ ವಾಪಸ್ ಹೋಗ್ತೀನಿ. ನೀವು ಆಮೇಲೆ ಬನ್ನಿ."

ಗಂಡ ನಗಲಿಲ್ಲ. ಅವಳು ಆಡಿದ್ದನ್ನು ಮಾಡುವವಳು.

ಮೊದಲು ವಾಕಿಂಗ್ ಹಿಡಿದಳು. ಬಟ್ಟೆಯಂಗಡಿ ಕಂಡಲ್ಲೆಲ್ಲ ಗಾಜಿಗೆ ಮೂಗು ತಾಗಿಸಿ ಹೊಲಿಗೆ ನೋಡುತ್ತ ನಿಂತದ್ದೇ ಹೆಚ್ಚಾಯಿತು. ಆಮೇಲೆ ಡ್ಯಾನ್ಸ್ ಕ್ಲಾಸು. ಎಲ್ಲರೂ ಎಡಕ್ಕೆ ತಿರುಗಿದಾಗ ಬಲಕ್ಕೆ ತಿರುಗಿ ಒಬ್ಬ ಮುದುಕನ ಕಾಲು ತುಳಿದಳು. ಮುದುಕ ದೊಡ್ಡ ಮನುಷ್ಯ, ನಕ್ಕುಬಿಟ್ಟ. ಇವಳೇ ಮತ್ತೆ ಹೋಗಲಿಲ್ಲ.

"ನನ್ನ ಬಸ್ಸಿನ ದಾರೀಲಿ ಒಂದು ಈಜುಕೊಳ ಇದೆ," ಎಂದ ಗಂಡ. "ನಿನ್ನ ವಯಸ್ಸಿನವರೂ ಹೋಗ್ತಾರೆ. ನೀರಿಗಿಳಿದವರಿಗೆ ಚಳಿಯೇನು, ಮಳೆಯೇನು?"

"ಹೇಳೋಕೇನು, ನೀವು ಸ್ಟೇರಿಂಗ್ ಹಿಂದೆ ಬೆಚ್ಚಗೆ ಕೂತಿರ್ತೀರಿ."

ಆದರೂ ಹೆಸರು ಬರೆಸಿದಳು. ಅಂಗಡಿಯ ಈಜುಡುಗೆಗಳು ಅವಳಿಗೆ ಹಿಡಿಸಲಿಲ್ಲ. ದಪ್ಪ ಹತ್ತಿಬಟ್ಟೆ ತಂದು, ತುಂಬು ತೋಳಿಟ್ಟು, ಮೊಣಕಾಲು ಮುಚ್ಚುವಂತೆ ತಾನೇ ಹೊಲಿದಳು. ಕಸುಬಿನ ಅಭ್ಯಾಸ ಬಿಡುತ್ತದೆಯೇ? ಮುಂದೆ ಮೈ ಬಂದರೆ ಬಿಚ್ಚಿ ಅಗಲ ಮಾಡಲು ಇರಲಿ ಎಂದು ಹೊಲಿಗೆಗಳ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಳು.

ಈಜು ಕಲಿಸುವ ಹೆಂಗಸು ತಲೆ ನರೆತವಳು. ಇಬ್ಬರಿಗೂ ತಿಳಿಯುವ ಮಾತು ಕಮ್ಮಿ, ಕೈಸನ್ನೆಯೇ ಹೆಚ್ಚು. ಟೈಲರಮ್ಮ ನೀರಿಗಿಳಿದದ್ದೇ ತಡ, ಬಟ್ಟೆಯೊಳಗೆ ಗಾಳಿ ತುಂಬಿ ಕೊರಳ ಸುತ್ತ ಕೊಡೆಯ ಹಾಗೆ ಬಿಚ್ಚಿಕೊಂಡಿತು. ಗಾಳಿ ಹೋಗಿ ನೀರು ಸೇರಿದ ಮೇಲೆ ಕೆಳಗೆ ಎಳೆಯಿತು. ಅವಳು ಅಂಚಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ವಾರಗಳು ಕಳೆದರೂ ಬಿಡಲಾಗಲಿಲ್ಲ. ಬಿಟ್ಟರೆ ಕಲ್ಲಿನಂತೆ ಕೆಳಗಿಳಿಯುತ್ತಿದ್ದಳು. ತನ್ನ ಹೆದರಿಕೆಯೇ ಕಾರಣ ಎಂದುಕೊಂಡು ಇನ್ನಷ್ಟು ಜೋರಾಗಿ ಕಾಲು ಬಡಿದಳು.

ಕಲಿಸುವವಳು ಒಂದು ದಿನ ಬೆರಳು ತೋರಿಸಿ ತಿಳಿಸಿದಳು: ಈ ವಾರ ಪರೀಕ್ಷೆ, ಈ ಗೋಡೆಯಿಂದ ಆ ಗೋಡೆಗೆ ನಿಲ್ಲದೆ ಹೋದವರಿಗೆ ಮುಂದಿನ ವಾರದಿಂದ ಆಳದ ಕೊಳ. ಉಳಿದವರಿಗೆ ಚಳಿಗಾಲ ಮುಗಿಯುವವರೆಗೆ ಕ್ಲಾಸು ಇಲ್ಲ.

ಚಳಿಗಾಲವಿಡೀ ಮತ್ತೆ ಆ ಕಿಟಕಿಯಿಲ್ಲದ ಕೋಣೆ. ಅಷ್ಟು ದಿನ ತಾನು ಇಲ್ಲಿ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಂದು ಗಂಡ ಅವಳ ಒದ್ದೆ ಬಟ್ಟೆ ಒಣಹಾಕಲು ಎತ್ತಿದವನು, ಹಾಗೇ ಇಳಿಸಿದ.

"ಏನೇ ಇದು, ತುಂಬಿದ ಕೊಡದ ಹಾಗಿದೆ! ಇದನ್ನು ಹಾಕಿಕೊಂಡರೆ ಮೀನೂ ಮುಳುಗುತ್ತೆ."

ಅವಳು ಬಟ್ಟೆಯನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದಳು. ಹೊಲಿಗೆಯನ್ನು ತಿರುವಿ ನೋಡಿದಳು. ಚೀಲ ಹಿಡಿದು ಹೊರಟಳು. ಎಳೆದರೆ ಹಿಗ್ಗುವ, ನೀರು ಕುಡಿಯದ ಬಟ್ಟೆ ಕೊಂಡು ತಂದು ಮೇಜಿನ ಮೇಲೆ ಹರಡಿದಳು.

"ಒಳಗೆ ಬಟ್ಟೆ ಬಿಡಲ್ವಾ, ಟೈಲರಮ್ಮ?"

"ಬಿಡಲ್ಲ. ಇವತ್ತಿನ ಮೈಗೆ ಹೊಲೀತಿದ್ದೀನಿ."

ಪರೀಕ್ಷೆಯ ದಿನ ಗೋಡೆಗೆ ಕಾಲೊತ್ತಿ ಕಂಬಿ ಬಿಟ್ಟಳು. ಮೈ ಹಗುರವಾಗಿ ತೇಲಿತು. ನಡುವೆ ಮೂಗಿಗೆ ನೀರು ಹೋಗಿ ಕೆಮ್ಮು ಬಂತು, ಕಾಲು ನೆಲ ಮುಟ್ಟಿತು. ಕಲಿಸುವವಳು ಪರವಾಗಿಲ್ಲ, ಮುಂದೆ ಹೋಗು ಎಂದು ಕೈ ಬೀಸಿದಳು. ಟೈಲರಮ್ಮ ಬೇಡವೆಂದು ತಲೆಯಾಡಿಸಿ ಹೊರಟ ಗೋಡೆಗೇ ವಾಪಸ್ ನಡೆದಳು. ಹೊಲಿಗೆ ವಕ್ರವಾದರೆ ಬಿಚ್ಚಿ ಮೊದಲಿಂದ ಹೊಲಿಯುವ ಕೈ ಅದು. ಮತ್ತೆ ಕಾಲೊತ್ತಿದಳು. ಈ ಸಲ ಎದುರಿನ ಗೋಡೆಗೆ ಅವಳ ಬೆರಳು ಬಡಿದ ಸದ್ದು ಅವಳಿಗೇ ಕೇಳಿಸಿತು.

ಭಾನುವಾರ ಅಕ್ಕ ಫೋನು ಮಾಡಿದಳು. "ಯಾವಾಗ ಬರ್ತೀಯೇ? ಬರ್ತೀನಿ ಅಂದಿದ್ಯಲ್ಲ, ನಿನಗೆ ಮಂಚ ಹಾಕ್ಸಿದ್ದೀನಿ."

"ಈಗಾಗಲ್ಲ ಅಕ್ಕಾ, ಆಳದ ಕೊಳಕ್ಕೆ ಇಳಿಯೋದಿದೆ. ನೀನೇ ಬಾ. ಬರೋ ಮೊದಲು ನಿನ್ನ ಅಳತೆ ಕಳಿಸು."